ಸುತ್ತೋಲೆಯಲ್ಲಿ ನಮ್ಮೂರ ಹಳ್ಳವಿಲ್ಲ

ಮಲೆನಾಡಿನಲ್ಲಿ ಶಾಲೆಯ ಬಾಗಿಲು ತೆರೆಯುವುದೂ ಮುಂಗಾರು ಇಳಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಬಯಲುಸೀಮೆಯ ಮಗುವಿಗೆ ಜೂನ್ ತಿಂಗಳೆಂದರೆ ಹೊಸ ಪುಸ್ತಕದ ತಿಂಗಳು. ಘಟ್ಟದ ಮಗುವಿಗೆ ಅದು ಕೊಡೆ, ಜಿಗಣೆ, ಉಕ್ಕುವ ಹಳ್ಳ ಹಾಗೂ ಜರಿಯುವ ಧರೆಗಳ ತಿಂಗಳೂ ಹೌದು. ಆರಿದ್ರೆಯಿಂದ ಮಖೆಯವರೆಗಿನ ಮಳೆನಕ್ಷತ್ರಗಳೆಲ್ಲವೂ ಶಾಲೆ ನಡೆಯುವ ದಿನಗಳಲ್ಲಿಯೇ ಬರುತ್ತವೆ. ಆದುದರಿಂದ ಆಪತ್ತು ಎದುರಾದಾಗ ಶಾಲೆ ಏನು ಮಾಡಬೇಕು, ಮಕ್ಕಳನ್ನು ಎಲ್ಲಿಗೆ, ಯಾವ ದಾರಿಯಲ್ಲಿ, ಯಾರು ಕರೆದೊಯ್ಯಬೇಕು ಎಂಬುದು ನಮ್ಮ ಊರುಗಳಲ್ಲಿ ಪಾಠಪ್ರವಚನದಷ್ಟೇ ಮುಖ್ಯವಾದ ವಿಚಾರವಾಗಬೇಕಿತ್ತು. ದುರ್ದೈವದಿಂದ ಅದು ಕಡತವೊಂದರ ವಿಚಾರವಾಗಿ ಉಳಿದಿದೆ.

ಶಾಲೆಗಳಲ್ಲಿ ಸುರಕ್ಷತಾ ಯೋಜನೆಯೇ ಇಲ್ಲವೆಂದು ಹೇಳಲಾಗದು. ಮೇಲಿನಿಂದ ಬಂದ ನಮೂನೆಯಲ್ಲಿ ಶಾಲೆಯ ಹೆಸರು, ಮಕ್ಕಳ ಸಂಖ್ಯೆ, ಮುಖ್ಯೋಪಾಧ್ಯಾಯರ ಸಹಿ ಇವಿಷ್ಟನ್ನು ತುಂಬಿ ಕಡತಕ್ಕೆ ಸೇರಿಸಿದರೆ ಯೋಜನೆ ಸಿದ್ಧವಾದಂತೆಯೇ. ಹೊಳೆದಂಡೆಯ ಶಾಲೆಗೂ ಗುಡ್ಡದ ಬುಡದ ಶಾಲೆಗೂ ಪಟ್ಟಣದ ಮೂರಂತಸ್ತಿನ ಶಾಲೆಗೂ ಅದೇ ನಮೂನೆ. ‘ತುರ್ತು ಸಂದರ್ಭದಲ್ಲಿ ಮಕ್ಕಳನ್ನು ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರಿಸುವುದು’ ಎಂಬ ವಾಕ್ಯ ಎಲ್ಲದರಲ್ಲಿಯೂ ಇರುತ್ತದೆ. ಆ ಸುರಕ್ಷಿತ ಸ್ಥಳ ಯಾವುದು ಎಂಬುದು ಮಾತ್ರ ಇರುವುದಿಲ್ಲ. ಈ ಬರಹದ ಆಕ್ಷೇಪ ಇಷ್ಟೇ: ಬೇರೆ ಊರಿಗಾಗಿ ಬರೆದ ಯೋಜನೆ ನಮ್ಮ ಮಕ್ಕಳನ್ನು ಕಾಯಲಾರದು. ಶಾಲೆಯ ಆಪತ್ಕಾಲದ ಯೋಜನೆಯನ್ನು ಆ ಊರಿನ ಗುಡ್ಡ, ಹಳ್ಳ, ಕಾಲುದಾರಿಗಳನ್ನು ಬಲ್ಲವರೇ ಕುಳಿತು ಬರೆಯಬೇಕು.

ಕಾನೂನಿಗೆ ಕೊರತೆಯಿಲ್ಲ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಸುಟ್ಟು ಸತ್ತರು. ಇಕ್ಕಟ್ಟಾದ ಮೆಟ್ಟಿಲು, ಒಂದೇ ಕಟ್ಟಡದಲ್ಲಿ ಕಿಕ್ಕಿರಿದ ತರಗತಿಗಳು, ಹೊರಬರುವ ದಾರಿ ತಿಳಿಯದ ಎಳೆಯರು. ಅಲ್ಲಿ ಕೊಂದದ್ದು ಬೆಂಕಿಯೊಂದೇ ಅಲ್ಲ. ಆ ಘಟನೆಯ ಬಳಿಕ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪಿತ್ತು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯಲ್ಲಿ ಕಲಿಯುವ ಹಕ್ಕೂ ಅಡಗಿದೆಯೆಂದು ಸಾರಿತು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದಿತ್ತು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಶಾಲಾ ಸುರಕ್ಷತೆಗೆಂದೇ ಮಾರ್ಗಸೂಚಿಯನ್ನು ಹೊರಡಿಸಿ, ಪ್ರತಿಯೊಂದು ಶಾಲೆಯೂ ತನ್ನದೇ ಆದ ಯೋಜನೆಯನ್ನು ಹೊಂದಿರಬೇಕೆಂದು ಹೇಳಿತು.

ಹೀಗೆ ದೆಹಲಿಯಿಂದ ತಾಲ್ಲೂಕು ಕೇಂದ್ರದವರೆಗೆ ಆದೇಶಗಳು ಇಳಿದು ಬಂದಿವೆ. ತಾಲ್ಲೂಕು ಕೇಂದ್ರದಿಂದ ಊರಿನ ಶಾಲೆಯ ಅಂಗಳಕ್ಕೆ ಇರುವ ಕೊನೆಯ ಕೆಲವು ಮೈಲಿಗಳನ್ನು ಅವು ದಾಟಿಲ್ಲ. ಅದನ್ನು ದಾಟಿಸಬೇಕಾದವರು ನಾವು.

ಕಾಗದವಿತ್ತು, ಜಾಗವಿರಲಿಲ್ಲ

ಯೋಜನೆ ಇರುವುದಕ್ಕೂ ಯೋಜನೆ ಕೆಲಸಕ್ಕೆ ಬರುವುದಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಜಪಾನಿನ ಎರಡು ನಿದರ್ಶನಗಳನ್ನು ನೋಡಬೇಕು. ಕಡಲ ಸುನಾಮಿ ನಮ್ಮ ಘಟ್ಟವನ್ನು ಏರಿ ಬಾರದು, ನಿಜ. ಆದರೆ ಆ ಶಾಲೆಗಳಲ್ಲಿ ನಡೆದದ್ದು ನಮಗೆ ದೂರದ್ದಲ್ಲ.

2011ರ ಮಾರ್ಚ್ 11ರ ಮಧ್ಯಾಹ್ನ ಭೂಕಂಪವಾದಾಗ ಇಶಿನೊಮಾಕಿ ನಗರದ ಒಕಾವಾ ಪ್ರಾಥಮಿಕ ಶಾಲೆಯ ಶಿಕ್ಷಕರು ಮಕ್ಕಳನ್ನು ಶಿಸ್ತಾಗಿ ಅಂಗಳಕ್ಕೆ ಕರೆತಂದರು. ಶಾಲೆ ಕಡಲಿನಿಂದ ಸುಮಾರು 4 ಕಿಲೋಮೀಟರು ಒಳಗೆ, ನದಿಯ ಪಕ್ಕದಲ್ಲಿತ್ತು. ಅಪಾಯದ ನಕಾಶೆಯ ಪ್ರಕಾರ ಅಲ್ಲಿಗೆ ನೀರು ಬರುವಂತಿರಲಿಲ್ಲ. ಅಷ್ಟೇ ಅಲ್ಲ, ಆ ಶಾಲೆಯೇ ಊರವರ ಆಶ್ರಯ ತಾಣವೆಂದು ಗುರುತಾಗಿತ್ತು. ಶಾಲೆಯ ಬಳಿ ಲಿಖಿತ ಕೈಪಿಡಿಯೂ ಇತ್ತು. ಸುನಾಮಿ ಬಂದರೆ ಖಾಲಿ ಜಾಗಕ್ಕೋ ಉದ್ಯಾನಕ್ಕೋ ಹೋಗತಕ್ಕದ್ದೆಂದು ಅದರಲ್ಲಿ ಬರೆದಿತ್ತು. ಯಾವ ಖಾಲಿ ಜಾಗವೆಂದು ಬರೆದಿರಲಿಲ್ಲ. ಶಾಲೆಯ ಬೆನ್ನಿಗೇ ಗುಡ್ಡವಿತ್ತು. ಎಲ್ಲಿಗೆ ಹೋಗುವುದೆಂಬ ಚರ್ಚೆಯಲ್ಲಿ ಸುಮಾರು 50 ನಿಮಿಷಗಳು ಕಳೆದವು. ಕೊನೆಗೆ ಅವರು ಗುಡ್ಡವನ್ನು ಬಿಟ್ಟು ಸೇತುವೆಯ ಬಳಿಯ ತುಸು ಎತ್ತರದ ಜಾಗಕ್ಕೆ ಹೊರಟರು. ನದಿಯಗುಂಟ ನುಗ್ಗಿದ ನೀರಿಗೆ 74 ಮಕ್ಕಳೂ 10 ಶಿಕ್ಷಕರೂ ಬಲಿಯಾದರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಸೆಂದೈ ಉಚ್ಚ ನ್ಯಾಯಾಲಯವು ಆ ದಿನದ ಶಿಕ್ಷಕರ ತಡವರಿಕೆಗಿಂತ ಹಿಂದೆ ಹೋಗಿ, ಆಪತ್ತು ಬರುವ ಮೊದಲೇ ಸ್ಥಳ ಹಾಗೂ ದಾರಿಯನ್ನು ಗೊತ್ತುಮಾಡದ ಶಾಲೆ ಮತ್ತು ಶಿಕ್ಷಣ ಮಂಡಳಿಗಳ ಲೋಪವನ್ನು ಎತ್ತಿ ಹಿಡಿಯಿತು. 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿತು.

ಅದೇ ದಿನ, ಅದೇ ಕರಾವಳಿಯ ಕಾಮಾಯಿಶಿ ನಗರದಲ್ಲಿ ಸುಮಾರು ಮೂರು ಸಾವಿರ ಶಾಲಾ ಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕುಳಿದರು. ಅಲ್ಲಿ ವರ್ಷಗಳಿಂದ ಮಕ್ಕಳಿಗೆ ತಮ್ಮ ದಾರಿಗಳನ್ನು ತಾವೇ ನಡೆದು ನೋಡುವ ಅಭ್ಯಾಸ ಮಾಡಿಸಲಾಗಿತ್ತು. ನಕಾಶೆಯ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ ಎಂಬುದೇ ಅವರಿಗೆ ಹೇಳಿಕೊಟ್ಟ ಮೊದಲ ಪಾಠ. ಉನೊಸುಮಾಯಿ ಎಂಬಲ್ಲಿ ಪ್ರೌಢಶಾಲೆಯ ಮಕ್ಕಳು ಓಡತೊಡಗಿದ್ದನ್ನು ಕಂಡು ಪ್ರಾಥಮಿಕ ಶಾಲೆಯ ಮಕ್ಕಳೂ ಓಡಿದರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಮೊದಲೇ ಗೊತ್ತುಮಾಡಿದ್ದ ತಾಣವನ್ನು ತಲುಪಿದಾಗ ಅದರ ಹಿಂದಿನ ಧರೆ ಕಳಚುತ್ತಿರುವುದು ಕಂಡಿತು. ಅಲ್ಲಿ ನಿಲ್ಲದೆ ಇನ್ನೂ ಮೇಲಕ್ಕೆ ಹೋದರು. ಅವರು ಬಿಟ್ಟುಹೋದ ತಾಣ ಸ್ವಲ್ಪ ಹೊತ್ತಿನಲ್ಲಿಯೇ ನೀರಿನಡಿಯಾಯಿತು.

ಎರಡೂ ಕಡೆ ನಕಾಶೆ ತಪ್ಪಿತ್ತು, ಎರಡೂ ಕಡೆ ಯೋಜನೆ ಇತ್ತು. ಒಂದು ಕಡೆ ಅದು ಕಪಾಟಿನಲ್ಲಿತ್ತು, ಇನ್ನೊಂದು ಕಡೆ ಮಕ್ಕಳ ಕಾಲುಗಳಲ್ಲಿತ್ತು.

ನಮ್ಮ ಗುಡ್ಡಗಳು ಹೇಳಿದ್ದು

ನಮ್ಮ ಘಟ್ಟಸಾಲಿಗೆ ಬರೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಸುತ್ತಿನ ಗುಡ್ಡಗಳು ಜರಿದವು. ರಸ್ತೆಗೂ ಮನೆಗೂ ಗುಡ್ಡದ ಪಾದವನ್ನು ಎಗ್ಗಿಲ್ಲದೆ ಕಡಿದದ್ದೂ ಅದಕ್ಕೆ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಎದ್ದ ಅಲೆ ಆಚೆ ದಡದ ಉಳುವರೆ ಗ್ರಾಮದ ಮನೆಗಳನ್ನು ಕೆಡವಿತು. ಕುಸಿದ ಗುಡ್ಡ ಒಂದು ದಡದ್ದು, ನೋವು ಎರಡೂ ದಡದ್ದು. ಎರಡೇ ವಾರಗಳಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಹಾಗೂ ಚೂರಲ್‌ಮಲೆಗಳ ಮೇಲೆ ಮಣ್ಣು ಬಂಡೆಗಳು ಉರುಳಿ ಬಂದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಹೊಳೆಯ ಪಕ್ಕದಲ್ಲಿದ್ದ ವೆಳ್ಳಾರ್‌ಮಲದ ಸರ್ಕಾರಿ ಶಾಲೆ ಜಖಂಗೊಂಡಿತು. ಅದರ ಅನೇಕ ವಿದ್ಯಾರ್ಥಿಗಳು ಮನೆಗಳಲ್ಲಿ ಮಲಗಿದ್ದಂತೆಯೇ ಮಡಿದರು. ರಾತ್ರಿಯಾದ್ದರಿಂದ ತರಗತಿಗಳು ಬರಿದಾಗಿದ್ದವು. ಅದೇ ಪ್ರವಾಹ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸುವುದು ಕಷ್ಟ. ಆದರೆ ಯೋಜನೆ ಮಾಡುವುದೆಂದರೆ ಆ ಕಷ್ಟದ ಯೋಚನೆಯನ್ನು ಮಾಡುವುದೇ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಭೂಕುಸಿತದ ಸಾಧ್ಯತೆಯನ್ನು ತೋರುವ ನಕಾಶೆಗಳನ್ನು ಸಿದ್ಧಪಡಿಸಿದೆ. ಅವು ಉಪಯುಕ್ತವಾದವು, ಪ್ರತಿ ಪಂಚಾಯಿತಿಯೂ ತರಿಸಿ ನೋಡತಕ್ಕವು. ಆದರೆ ಅವುಗಳ ಅಳತೆ 1:50,000. ಅಂದರೆ ನೆಲದ ಮೇಲಿನ ಅರ್ಧ ಕಿಲೋಮೀಟರು ಕಾಗದದ ಮೇಲೆ ಒಂದು ಸೆಂಟಿಮೀಟರು. ಶಾಲೆ, ಆಟದ ಬಯಲು, ಹಿಂದಿನ ಧರೆ ಎಲ್ಲವೂ ಸೇರಿ ನೂರು ಮೀಟರೆಂದುಕೊಂಡರೂ ನಕಾಶೆಯಲ್ಲಿ ಅದು ಎರಡೇ ಮಿಲಿಮೀಟರು. ಆ ಎರಡು ಮಿಲಿಮೀಟರಿನೊಳಗೆ ಹೋದ ವರ್ಷ ಬಾಯಿ ತೆರೆದ ಬಿರುಕು ಕಾಣುವುದಿಲ್ಲ, ಹೊಸದಾಗಿ ಎದ್ದ ಒರತೆ ಕಾಣುವುದಿಲ್ಲ, ಬಾಗಿ ನಿಂತ ಹಲಸಿನ ಮರ ಕಾಣುವುದಿಲ್ಲ. ಅವು ಕಾಣುವುದು ದಿನವೂ ಅದೇ ದಾರಿಯಲ್ಲಿ ದನ ಅಟ್ಟಿಕೊಂಡು ಹೋಗುವವರಿಗೆ, ಸೊಪ್ಪು ತರುವವರಿಗೆ, ಶಾಲೆಗೆ ನಡೆಯುವ ಮಕ್ಕಳಿಗೆ. ವಿಜ್ಞಾನಿಯ ನಕಾಶೆ ಎಲ್ಲಿ ಮುಗಿಯುವುದೋ ಅಲ್ಲಿಂದ ಊರಿನ ತಿಳಿವಳಿಕೆ ಆರಂಭವಾಗಬೇಕು.

ಶಾಲೆ ಮನೆಬಾಗಿಲಿನಿಂದಲೇ ಆರಂಭ

ನಮೂನೆಯ ಯೋಜನೆಗಳಲ್ಲಿ ಶಾಲೆಯೆಂದರೆ ಆವರಣದ ಗೋಡೆಯೊಳಗಿನ ಕಟ್ಟಡ. ಮಲೆನಾಡಿನ ಮಗುವಿಗೆ ಶಾಲೆಯ ಅಪಾಯ ಮನೆಯ ಹೆಬ್ಬಾಗಿಲಿನಿಂದಲೇ ಆರಂಭವಾಗುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಎರಡು ಅಡಿಕೆ ಮರಗಳನ್ನು ಅಡ್ಡ ಹಾಕಿದ ಸಂಕಗಳು ಇಂದಿಗೂ ನಮ್ಮಲ್ಲಿ ಎಷ್ಟಿವೆಯೆಂಬುದು ಓದುಗರಿಗೆ ಗೊತ್ತು.

ಮಳೆಯ ರಜೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಜಿಲ್ಲಾ ಕೇಂದ್ರದಲ್ಲಿ ರಜೆಯ ನಿರ್ಧಾರವಾಗಿ ಸುದ್ದಿ ಹೊರಡುವಷ್ಟರಲ್ಲಿ ದೂರದ ಹಳ್ಳಿಯ ಮಗು ಅರ್ಧ ದಾರಿ ನಡೆದಿರುತ್ತದೆ. ವಿದ್ಯುತ್ ಇಲ್ಲದೆ ಮೊಬೈಲು ಗೋಪುರವೂ ಮೂಕವಾದ ಊರಿಗೆ ಆ ಸುದ್ದಿ ತಲುಪುವುದೂ ಇಲ್ಲ. ಜಿಲ್ಲೆಯ ಒಂದು ಮೂಲೆಯಲ್ಲಿ ಬಿಸಿಲು, ಇನ್ನೊಂದು ಮೂಲೆಯಲ್ಲಿ ಹಳ್ಳ ದಡ ಮೀರಿರುವುದು ಘಟ್ಟದಲ್ಲಿ ಸಾಮಾನ್ಯ. ಆದುದರಿಂದ ‘ಇಂದು ಬರಬೇಡಿ’ ಎನ್ನುವ ಅಧಿಕಾರ ಹಳ್ಳವನ್ನು ಕಣ್ಣಾರೆ ಕಾಣುವವರ ಕೈಯಲ್ಲಿರಬೇಕು. ಮಳೆಗೆ ಅಂಜಿ ಬಾರದ ಮಗುವಿನ ಹಾಜರಿಗೆ ಕುಂದು ಬರಬಾರದು.

ಕಾನೂನು ಇಲ್ಲಿಯೂ ನಮ್ಮ ಪರವಾಗಿಯೇ ಇದೆ. ಶಿಕ್ಷಣ ಹಕ್ಕು ಕಾಯಿದೆಯಡಿ 2010ರಲ್ಲಿ ರೂಪಿಸಿದ ಕೇಂದ್ರ ನಿಯಮಗಳು ಐದನೆಯ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ, ಎಂಟನೆಯ ತರಗತಿಯವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕೆನ್ನುತ್ತವೆ. ದುರ್ಗಮ ನೆಲ, ಭೂಕುಸಿತ ಹಾಗೂ ನೆರೆಯ ಭಯವಿರುವ ಕಡೆ ಈ ದೂರವನ್ನು ಇನ್ನೂ ಕಡಿಮೆ ಮಾಡಿ, ದಾರಿಯ ಅಪಾಯ ತಪ್ಪುವಂತೆ ಶಾಲೆಯ ಜಾಗವನ್ನು ಗೊತ್ತುಮಾಡಬೇಕೆಂದೂ ಹೇಳುತ್ತವೆ. ಮಕ್ಕಳ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಘಟ್ಟದ ಸಣ್ಣ ಶಾಲೆಯನ್ನು ಮುಚ್ಚಿ ಬೇರೆಯದರೊಡನೆ ವಿಲೀನಗೊಳಿಸುವ ಮಾತು ಬಂದಾಗಲೆಲ್ಲ ಈ ನಿಯಮವನ್ನು ಎತ್ತಿ ತೋರಿಸಬೇಕು. ಒಂದು ಶಾಲೆ ಮುಚ್ಚಿದರೆ ಮಗು ದಾಟಬೇಕಾದ ಸಂಕಗಳು ಎಷ್ಟು ಹೆಚ್ಚುತ್ತವೆ ಎಂಬ ಲೆಕ್ಕ ಉಳಿತಾಯದ ಲೆಕ್ಕದಲ್ಲಿ ಸೇರಿರುವುದಿಲ್ಲ.

ಶಾಲೆಯ ಮೇಲಿನ ನೆಲ

ಆಪತ್ತಿನ ಯೋಜನೆಯೆಂದರೆ ಆಪತ್ತು ಬಂದ ಮೇಲೆ ಓಡುವ ಯೋಜನೆ ಮಾತ್ರವಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಬರ್‌ಫಾನ್ ಎಂಬ ಗಣಿ ಊರಿನಲ್ಲಿ, ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಶಾಲೆಯ ಮೇಲ್ಭಾಗದ ಬೆಟ್ಟದಲ್ಲಿ, ನೀರಿನ ಒರತೆಯ ಮೇಲೆಯೇ ರಾಶಿ ಹಾಕಲಾಗಿತ್ತು. ಶಾಲೆಯ ಹಿಂದಿನ ಆ ರಾಶಿ ಅಪಾಯಕಾರಿಯೆಂದು ಸ್ಥಳೀಯ ಆಡಳಿತದವರು 1963ರಲ್ಲಿಯೇ ಪತ್ರ ಬರೆದಿದ್ದರು. 1966ರ ಅಕ್ಟೋಬರ್ 21ರ ಬೆಳಗ್ಗೆ, ಪಾಠ ಆರಂಭವಾಗುವ ಹೊತ್ತಿಗೆ, ಅದು ಕುಸಿದು ಬಂದು 116 ಮಕ್ಕಳನ್ನೂ 28 ಹಿರಿಯರನ್ನೂ ಕೊಂದಿತು. ವಿಚಾರಣಾ ಮಂಡಳಿ ಹೊಣೆಯನ್ನು ಕಲ್ಲಿದ್ದಲು ಮಂಡಳಿಯ ಮೇಲೆ ಹೊರಿಸಿತು. ಎಂಥ ಅಭ್ಯಾಸವೂ ಆ ಮಕ್ಕಳನ್ನು ಉಳಿಸುತ್ತಿರಲಿಲ್ಲ. ಉಳಿಸಬಹುದಾಗಿದ್ದದ್ದು ಒಂದೇ: ಆ ರಾಶಿಯನ್ನು ಅಲ್ಲಿ ಹಾಕದಿರುವುದು.

ನಮ್ಮ ಶಾಲೆಗಳ ಮೇಲ್ಭಾಗದಲ್ಲಿ ಏನಿದೆ? ಕೆಲವೆಡೆ ಕಲ್ಲುಕ್ವಾರಿ, ಕೆಲವೆಡೆ ರಸ್ತೆ ಅಗಲಿಸಿದ ಮಣ್ಣಿನ ರಾಶಿ, ಕೆಲವೆಡೆ ರೆಸಾರ್ಟಿಗಾಗಿ ನೆತ್ತಿ ಸಮತಟ್ಟಾದ ಗುಡ್ಡ. ಎಷ್ಟೋ ಕಡೆ ಆಟದ ಬಯಲಿಗಾಗಿ ಶಾಲೆಯ ಹಿಂದಿನ ಗುಡ್ಡವನ್ನೇ ನೆಟ್ಟಗೆ ಕಡಿದು ಹತ್ತಿಪ್ಪತ್ತು ಅಡಿಯ ಧರೆ ನಿಲ್ಲಿಸಿದ್ದೇವೆ. ಮರದ ಬೇರು ಮಣ್ಣನ್ನು ಹಿಡಿದಿರುತ್ತದೆ, ಗುಡ್ಡದ ಪಾದ ಮೇಲಿನ ಭಾರವನ್ನು ಹೊತ್ತಿರುತ್ತದೆ. ಬೇರನ್ನೂ ಪಾದವನ್ನೂ ತೆಗೆದು, ನೀರು ಹರಿಯುವ ಸಹಜ ಅಗಳನ್ನು ಮುಚ್ಚಿದ ಮೇಲೆ, ಪುಷ್ಯ ಮಳೆಯ ನೀರು ಮಣ್ಣಿನೊಳಗೇ ಇಳಿದು ಅದನ್ನು ತೂಕವಾಗಿಸುತ್ತದೆ, ಸಡಿಲವಾಗಿಸುತ್ತದೆ. ಆದುದರಿಂದ ಶಾಲೆಯ ಮೇಲಿನ ಕಾನು, ಸೊಪ್ಪಿನಬೆಟ್ಟಗಳನ್ನು ಉಳಿಸಿಕೊಳ್ಳುವುದೂ ಶಾಲಾ ಸುರಕ್ಷತೆಯ ಮೊದಲ ಅಧ್ಯಾಯವೇ. ಅಲ್ಲಿ ಯಂತ್ರ ಹತ್ತಿಸುವ ಮುನ್ನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಭಿಪ್ರಾಯವನ್ನು ಕೇಳಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಏನನ್ನು ಬರೆಯಬೇಕು?

ಯೋಜನೆ ನಾಲ್ಕು ಪುಟ ಮೀರಬೇಕಾಗಿಲ್ಲ. ಆದರೆ ಅದನ್ನು ನಡೆದು ಬರೆಯಬೇಕು. ಹಳ್ಳದ ನಿಜವಾದ ಅಳತೆ ತಿಳಿಯುವುದು ಆಷಾಢದಲ್ಲಿ, ಸಂಕ ಕಟ್ಟಲು, ಚರಂಡಿ ಬಿಡಿಸಲು ಬಿಡುವಿರುವುದು ಚೈತ್ರದಲ್ಲಿ. ಆದುದರಿಂದ ಈ ಮಳೆಗಾಲದಲ್ಲಿ ನೋಡಿ, ಮುಂದಿನ ಬೇಸಿಗೆಯಲ್ಲಿ ಸರಿಪಡಿಸಿ, ಅದರಾಚೆಯ ಜೂನಿಗೆ ಸಿದ್ಧವಾಗುವ ಕ್ರಮ ಬೇಕು. ಒಂದು ಮಳೆಯ ದಿನ ಸಮಿತಿಯವರು, ಊರಿನ ಹಿರಿಯರು, ಮೇಲಿನ ತರಗತಿಯ ಮಕ್ಕಳು ಕೂಡಿ ಪ್ರತಿ ಕೇರಿಯಿಂದ ಶಾಲೆಯವರೆಗೆ ನಡೆದು, ಸಂಕ, ತೋಡು, ಧರೆ, ಒಣಮರ, ಜೋತುಬಿದ್ದ ತಂತಿ ಇವನ್ನೆಲ್ಲ ಕೈಯಿಂದ ಬರೆದ ನಕ್ಷೆಯಲ್ಲಿ ಗುರುತಿಸಬೇಕು.

ಅನಂತರ ಎರಡು ತಾಣಗಳನ್ನು ಹೆಸರಿಟ್ಟು ಗೊತ್ತುಮಾಡಬೇಕು. ಬೆಂಕಿಯಾದರೆ ಅಂಗಳ ಸಾಕು; ಗುಡ್ಡ ಸಡಿಲವಾದರೆ ಅಂಗಳವೇ ಅಪಾಯ. ಎರಡನೆಯ ತಾಣ ಅದೇ ಗುಡ್ಡದ ಕೆಳಗಿರಬಾರದು, ಅದಕ್ಕೆ ಹೋಗುವ ದಾರಿ ಹಳ್ಳ ದಾಟಬಾರದು. ಒರತೆಯ ನೀರು ಒಮ್ಮೆಗೇ ಕೆಂಪಾದರೆ, ತುಂಬಿ ಹರಿಯುತ್ತಿದ್ದ ಹಳ್ಳ ಮಳೆಯಲ್ಲಿಯೇ ಬತ್ತಿದರೆ, ನೆಲದಲ್ಲಿ ಬಿರುಕು ಕಂಡರೆ, ಬಾಗಿಲುಗಳು ಚೌಕಟ್ಟಿನಲ್ಲಿ ಬಿಗಿದರೆ ಯಾರ ಆದೇಶಕ್ಕೂ ಕಾಯದೆ ಹೊರಡಬೇಕೆಂದು ಬರೆದಿಡಬೇಕು.

ಮೂರನೆಯದಾಗಿ, ಯಾರು ಎಂಬುದು. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ, ಇನ್ನೊಬ್ಬರು ಸಭೆಗೆ ಹೋದ ದಿನವೇ ಆಪತ್ತು ಬರಬಹುದು. ಎಲ್ಲ ದಿನವೂ ಶಾಲೆಯಲ್ಲಿರುವವರು, ಊರಿನವರೇ ಆದವರು, ಪ್ರತಿ ಮಗುವಿನ ಮನೆಯನ್ನು ಬಲ್ಲವರು ಬಿಸಿಯೂಟದ ಅಡುಗೆಯಮ್ಮಂದಿರು. ಅಡುಗೆ ಅನಿಲದ ಸಿಲಿಂಡರನ್ನು ನಿಭಾಯಿಸುವವರೂ ಅವರೇ. ನಮೂನೆಯ ಯೋಜನೆಯಲ್ಲಿ ಅವರ ಹೆಸರೇ ಇರುವುದಿಲ್ಲ. ನಮ್ಮ ಯೋಜನೆಯಲ್ಲಿ ಅದು ಮೊದಲ ಸಾಲಿನಲ್ಲಿರಬೇಕು, ತರಬೇತಿಯೂ ಅವರಿಗೆ ಸಿಗಬೇಕು. ಸಂಕೇತ ಮೊಬೈಲನ್ನು ನಂಬಬಾರದು. ಶಾಲೆಯ ಗಂಟೆಯೇ ಸಾಕು, ಬಿಡದೆ ಬಾರಿಸಿದರೆ ಹೊರಡುವುದೆಂದು ಊರಿಗೆಲ್ಲ ತಿಳಿದಿರಬೇಕು. ಹೊರಡುವಾಗ ಹಾಜರಿ ಪುಸ್ತಕ ಜೊತೆಗಿರಬೇಕು, ತಲುಪಿದ ಮೇಲೆ ಹೆಸರು ಕೂಗಿ ಎಣಿಸಬೇಕು, ಮಗುವನ್ನು ಪರಿಚಿತರ ಕೈಗೇ ಒಪ್ಪಿಸಬೇಕು.

ಪ್ರತಿ ಶಾಲೆಯಲ್ಲಿಯೂ ಒಂದು ಮಳೆಮಾಪಕವಿರಲಿ. ದಿನವೂ ಬೆಳಗ್ಗೆ ಎಂಟೂವರೆಗೆ ಮಕ್ಕಳು ಅಳೆದು ಬರೆದಿಟ್ಟರೆ ನಾಲ್ಕಾರು ವರ್ಷಗಳಲ್ಲಿ ಎಷ್ಟು ಮಳೆಗೆ ಯಾವ ಸಂಕ ಮುಳುಗುತ್ತದೆ ಎಂಬ ಲೆಕ್ಕ ಊರಿಗೆ ಸಿಗುತ್ತದೆ. ಯಾವ ಸುತ್ತೋಲೆಯೂ ಕೊಡಲಾರದ ಅಂಕಿ ಅದು. ಹಾವಿನ ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ, ಅಲ್ಲಿಗೆ ಯಾರ ವಾಹನ ಎಂಬುದನ್ನೂ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಯ ಸೀಮೆಯಲ್ಲಿ ಮಂಗ ಸತ್ತುಬಿದ್ದರೆ ಯಾರಿಗೆ ತಿಳಿಸಬೇಕೆಂಬುದನ್ನೂ ಕೊನೆಯ ಪುಟದಲ್ಲಿ ಸೇರಿಸಬೇಕು.

ನೆರೆ ಬಂದಾಗ ನಮ್ಮ ಶಾಲೆಯೇ ಗಂಜಿ ಕೇಂದ್ರವಾಗುತ್ತದೆ, ಈಗಿನ ಹೆಸರಿನಲ್ಲಿ ಕಾಳಜಿ ಕೇಂದ್ರ. ಆಶ್ರಯ ಕೊಡುವ ಕಟ್ಟಡದ ಮಾಡು, ಪಕಾಸು, ಶೌಚಾಲಯ, ನೀರು ಮೊದಲೇ ಸರಿಯಿರಬೇಕಲ್ಲವೇ? ಕೇಂದ್ರ ನಡೆಯುವ ದಿನಗಳಲ್ಲಿ ಪಾಠ ಎಲ್ಲಿ ನಡೆಯಬೇಕೆಂಬುದನ್ನೂ ಯೋಜನೆ ಹೇಳಬೇಕು.

ಅಣಕಾಗದ ಅಭ್ಯಾಸ

ಇದು ಶಿಕ್ಷಕರ ಮೇಲೆ ಇನ್ನೊಂದು ಹೊರೆಯೆಂಬ ಆಕ್ಷೇಪ ಬರಬಹುದು. ಗಣತಿ, ಚುನಾವಣೆ, ಅಂಕಿಅಂಶಗಳ ನಡುವೆ ಬಸವಳಿದಿರುವ ಅವರ ಕಷ್ಟ ಸುಳ್ಳಲ್ಲ. ಆದ್ದರಿಂದಲೇ ಇದು ಊರಿನ ಕೆಲಸವಾಗಬೇಕು. ವರ್ಗವಾಗಿ ಹೋಗುವ ಶಿಕ್ಷಕರಿಗಿಂತ ಇಲ್ಲಿಯೇ ಉಳಿಯುವ ನಮಗೆ ಇದರ ಹೊಣೆ ಹೆಚ್ಚು. ಮಕ್ಕಳನ್ನು ಹೆದರಿಸಿದಂತಾಗುವುದೆಂಬ ಮಾತೂ ಉಂಟು. ಹಳ್ಳ ದಾಟುವ ಮಗುವಿಗೆ ಹೆದರಿಕೆಯನ್ನು ನಾವು ಕಲಿಸಬೇಕಾಗಿಲ್ಲ. ಕಲಿಸಬೇಕಾದದ್ದು ಹೆದರಿದಾಗ ಇಡಬೇಕಾದ ಮೊದಲ ಹೆಜ್ಜೆಯನ್ನು.

ವರ್ಷಕ್ಕೊಮ್ಮೆ ಛಾಯಾಚಿತ್ರಕ್ಕಾಗಿ ನಡೆಸುವ ಅಣಕು ಪ್ರದರ್ಶನ ಹೆಸರಿಗೆ ತಕ್ಕಂತೆ ಅಣಕವೇ ಆಗಿದೆ. ಅಭ್ಯಾಸ ವರ್ಷಕ್ಕೆ ಮೂರು ಬಾರಿಯಾದರೂ ನಡೆಯಬೇಕು. ಒಮ್ಮೆ ಸುರಿಯುವ ಮಳೆಯಲ್ಲಿ, ಒಮ್ಮೆ ಮುಖ್ಯೋಪಾಧ್ಯಾಯರು ಇಲ್ಲದ ದಿನ, ಒಮ್ಮೆ ಗೊತ್ತಾದ ದಾರಿ ಮುಚ್ಚಿದೆಯೆಂದು ಭಾವಿಸಿ. ಅಂಗವಿಕಲ ಮಗುವನ್ನು ಎತ್ತಿಕೊಳ್ಳುವವರು ಯಾರೆಂಬುದು ಅಂದೇ ತಿಳಿಯುತ್ತದೆ.

ಓದುಗ ಮಿತ್ರರೇ, ಮುಂದಿನ ಗ್ರಾಮಸಭೆಯಲ್ಲಿ ಮೂರೇ ಪ್ರಶ್ನೆಗಳನ್ನು ಕೇಳೋಣ. ನಮ್ಮ ಶಾಲೆಯ ಸುರಕ್ಷಿತ ಸ್ಥಳದ ಹೆಸರೇನು? ಶಾಲೆಯ ಮೇಲಿನ ಗುಡ್ಡವನ್ನು ಕೊನೆಯ ಬಾರಿ ಹತ್ತಿ ನೋಡಿದವರು ಯಾರು, ಎಂದು? ಮಕ್ಕಳು ದಾಟುವ ಸಂಕಗಳೆಷ್ಟು? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಶಾಲೆಯ ಯೋಜನೆಯ ಪ್ರತಿಯನ್ನು ಪಡೆಯೋಣ. ವಿದ್ಯಾರ್ಥಿಗಳೂ ಮಕ್ಕಳ ಗ್ರಾಮಸಭೆಯಲ್ಲಿ ಇವೇ ಪ್ರಶ್ನೆಗಳನ್ನು ಎತ್ತಬಹುದು. ದಾರಿ ಅವರದ್ದು, ಪ್ರಶ್ನೆಯೂ ಅವರದ್ದೇ. ಉತ್ತರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬರುವ ಆಷಾಢದ ಒಂದು ಭಾನುವಾರ ಕೊಡೆ ಹಿಡಿದು, ಒಂದು ಹಾಳೆ ಹಾಗೂ ಸೀಸದಕಡ್ಡಿಯೊಂದಿಗೆ, ಕೊನೆಯ ಮನೆಯಿಂದ ಶಾಲೆಯವರೆಗೆ ಮಕ್ಕಳೊಡನೆ ನಡೆದರೆ ಯೋಜನೆಯ ಮೊದಲ ಪುಟ ಸಿದ್ಧವಾಗುತ್ತದೆ.